ಹಸಿದ ಹೊಳೆಗೆ ಕಲ್ಲಿನ ಊಟ

ನನ್ನ ಅತ್ತೆಯ ಸೆರಗಿನ ಗಂಟಿನಲ್ಲಿ ಎಲೆ ಅಡಿಕೆ ಇರುತ್ತಿರಲಿಲ್ಲ. ಮುಷ್ಟಿಗಿಂತ ದೊಡ್ಡದಾದ ಕಲ್ಲೊಂದು ಇರುತ್ತಿತ್ತು. ಅದರ ಭಾರಕ್ಕೆ ಸೀರೆ ಜಗ್ಗಿ, ಅವರು ಸದಾ ಎಡಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ಮದುವೆಯಾಗಿ ಕುಶಾಲನಗರದ ಹತ್ತಿರದ ಆ ಊರಿಗೆ ಬಂದ ದಿನ, ಹೊಸ್ತಿಲ ಮೇಲಿನ ಸೇರು ಒದೆಯುವ ಮೊದಲೇ ನನ್ನ ಕೈಗೂ ಒಂದು ಕಲ್ಲು ಬಂತು.

ಮನೆಗೆ ಹೋಗಬೇಕಾದರೆ ಹೊಳೆಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯ ಮೇಲೆಯೇ ದಾಟಬೇಕು. ನಮ್ಮ ಗದ್ದೆ, ಶುಂಠಿ ಎಲ್ಲವೂ ಅದರ ನೀರನ್ನೇ ನಂಬಿದ್ದವು. "ಹಾಕವ್ವ ಅಲ್ಲಿಗೆ," ಎಂದು ಅತ್ತೆ, ಕಟ್ಟೆಯಿಂದ ನೀರು ಧುಮುಕುವ ಗುಂಡಿಯನ್ನು ತೋರಿಸಿದರು. ಯಾವುದೋ ಹರಕೆ ಇರಬೇಕೆಂದು ರೇಷ್ಮೆ ಸೀರೆಯಲ್ಲೇ ಕಲ್ಲೆಸೆದು, ಕಣ್ಣು ಮುಚ್ಚಿ ಕೈ ಮುಗಿದೆ. ಅತ್ತೆ ಬಿದ್ದು ಬಿದ್ದು ನಕ್ಕರು.

"ದೇವ್ರೂ ಇಲ್ಲ ದಿಂಡ್ರೂ ಇಲ್ಲ ಕಣವ್ವ. ನೀರು ತಾನ್ ತಂದ ಮಣ್ಣು ಮರಳೆಲ್ಲ ಕಟ್ಟೆ ಹಿಂದ್ಗಡೆನೇ ಬುಟ್ಟು ಬತ್ತದೆ. ಈಚೆಗ್ ಬಿದ್ದಾಗ ಅದ್ಕೆ ಹೊಟ್ಟೆ ಹಸಿದಿರ್ತದೆ. ತಳದ್ ಮಣ್ಣ ತಿನ್ತಾ ತಿನ್ತಾ ಕಟ್ಟೆ ಬುಡಕ್ಕೇ ಬಾಯಿ ಹಾಕ್ತದೆ. ಕಲ್ಲು ಕೊಟ್ರೆ ಅದನ್ನೇ ಚೀಪ್ತಾ ಕೂತ್ಕತದೆ."

ಹಳೆಯ ಕಟ್ಟೆ ಹಾಗೆಯೇ ಹೋಗಿತ್ತಂತೆ. ಮೇಲಿನ ನೀರು ತಳ್ಳೀತೆಂದು ಎಲ್ಲರೂ ಗೋಡೆಯನ್ನೇ ದಪ್ಪ ಮಾಡುತ್ತಿದ್ದಾಗ, ಕೆಳಗಿನ ಗುಂಡಿ ಸದ್ದಿಲ್ಲದೆ ಬುಡ ತಿಂದು ಮುಗಿಸಿತ್ತು. ಅಂದಿನಿಂದ ಕಟ್ಟೆ ದಾಟುವವರು ಯಾರೇ ಆಗಲಿ, ಕಲ್ಲು ತರಲೇಬೇಕು. "ಇದು ಉಪ್ಪಿನ್‌ಕಾಯಿ ಆಯ್ತು, ಊಟ ಎಲ್ಲಿ?" ಎಂದು, ಪುಟ್ಟ ಕಲ್ಲು ತಂದ ನನ್ನ ಸ್ವಂತ ತಮ್ಮನನ್ನೇ ಅತ್ತೆ ದಡಕ್ಕೆ ವಾಪಸು ಅಟ್ಟಿದ್ದರು.

ದುಬಾರೆಯಲ್ಲಿ ಆನೆ ನೋಡಲು ಬಂದು ಪಕ್ಕದ ಹೋಂಸ್ಟೇಯಲ್ಲಿ ಇಳಿದಿದ್ದವರು ಒಮ್ಮೆ ಇದನ್ನೆಲ್ಲ ಕಂಡು, ಮಾರನೆಯ ದಿನ ಹೂವು, ಅರಿಶಿನ, ಕುಂಕುಮದೊಂದಿಗೆ ಹಾಜರಾದರು.

"ಹೂವ ನೀವೇ ಮುಡ್ಕಳಿ. ಆ ಗುಂಡ್‌ಕಲ್ಲ ಎತ್ತಿ ಹಾಕಿ," ಎಂದರು ಅತ್ತೆ. ಪಾಪ, ಅವರು ಭಕ್ತಿಯಿಂದಲೇ ಹೊತ್ತರು.

ಒಂದು ಆಷಾಢದಲ್ಲಿ ಕಟ್ಟೆಯೇ ಕಾಣದಷ್ಟು ನೀರು ಬಂತು. ಅತ್ತೆ ಊಟ ಬಿಟ್ಟು ಜಗಲಿಯಲ್ಲಿ ಕೂತರು. ಅವರ ಮುಖದಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು. ನೀರಿಳಿದ ಮೇಲೆ ಓಡಿಹೋಗಿ ನೋಡಿದರೆ ಗುಂಡಿ ಕಟ್ಟೆಯಿಂದ ದೂರಕ್ಕೆ, ಹೊಳೆ ಹರಿಯುವ ಕಡೆಗೆ ಹಿಗ್ಗಿತ್ತು. ಕಟ್ಟೆಯ ಬುಡದ ಕಲ್ಲುಗಳು ಮಾತ್ರ ಕೂತಲ್ಲೇ ಕೂತಿದ್ದವು.

"ಉಂಡು ತೇಗಿ ಹೋಗೈತೆ ನೋಡವ್ವ!" ಎಂದು ಅತ್ತೆ ನನ್ನ ಕೈ ಹಿಡಿದು ಜಿನುಗುತ್ತಿದ್ದ ಮಳೆಯಲ್ಲೇ ಕುಣಿದುಬಿಟ್ಟರು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ತಿಥಿಗೆ ಬಂದವರ ಕೈಯಲ್ಲಿ ಹಾರವಿರಲಿಲ್ಲ. ಹೆಂಗಸರು ಸೆರಗಿನಲ್ಲಿ, ಗಂಡಸರು ಹೆಗಲ ಮೇಲೆ, ಹೋಂಸ್ಟೇಯವರು ಜೀಪಿನಲ್ಲಿ ಕಲ್ಲು ತಂದಿದ್ದರು. ಒಂದೊಂದೇ ದುಡುಮ್ಮೆಂದು ಗುಂಡಿಗೆ ಬೀಳುವಾಗ ನಾನು ಅಳುತ್ತಲೇ ನಕ್ಕೆ.

ಅದರ ಮೇಲೆ ಬಂದ ಮಳೆಗಾಲಕ್ಕೂ ಕಟ್ಟೆ ಅಲುಗಲಿಲ್ಲ. ಅತ್ತೆ ತಮ್ಮ ತಿಥಿಯೂಟವನ್ನು ಹೊಳೆಗೂ ಹೊಟ್ಟೆ ತುಂಬ ಬಡಿಸಿ ಹೋಗಿದ್ದರು.