ವಿಷ ಮಾಹಿತಿ ಕೋಣೆಯ ಪರ್ಲ್ ಅಕ್ಕ

ವಿಷ ಮಾಹಿತಿ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಪರ್ಲ್ ಅಕ್ಕ ಎಂದೇ. ಟೈಪಿಸ್ಟಾಗಿ ಸೇರಿದವಳು, ಟೈಪ್‌ರೈಟರ್‌ಗಳು ಗುಜರಿಗೆ ಹೋದ ವರ್ಷ ಒಂದು ಹಳೆಯ ಪುಸ್ತಕ ಹಿಡಿದು ತಾನೇ ಪರ್ಲ್ ಎಂಬ ಕಂಪ್ಯೂಟರ್ ಭಾಷೆ ಕಲಿತಳು. ಯಾವ ಬಾಟಲಿಯ ಹೆಸರು ಟೈಪ್ ಮಾಡಿದರೂ ಅದರೊಳಗೆ ಏನಿದೆ, ಯಾರಾದರೂ ನುಂಗಿದರೆ ಏನು ಮಾಡಬೇಕು ಎಂದು ಬ್ರೌಸರಿನಲ್ಲಿ ತೋರಿಸುವ ಪ್ರೋಗ್ರಾಂ ಅವಳದೇ.

ಒಂದು ಬೆಳಿಗ್ಗೆ ಹತ್ತೂವರೆಗೆ ಅದು ಓಡುತ್ತಿದ್ದ ಸರ್ವರ್ ಸುಟ್ಟ ವಾಸನೆ ಬಿಟ್ಟು ಮಲಗಿಬಿಟ್ಟಿತು.

ಯಂತ್ರಗಳ ಉಸ್ತುವಾರಿ ಅವಳ ಮೈದುನನದು. ಉಗ್ರಾಣದಿಂದ ಬೇರೊಂದು ಯಂತ್ರ ಹೊತ್ತು ತಂದ. "ಇದ್ರಲ್ಲಿ ಪರ್ಲ್ ಇದೆ ಅತ್ತಿಗೆ. ನಿಮ್ಮ ಗಂಟು ತಂದು ಬಿಚ್ಚಿದ್ರೆ ಮುಗೀತು."

ಗಂಟು ಎಂದರೆ ಅವಳ ಪೆನ್‌ಡ್ರೈವ್. ಪ್ರೋಗ್ರಾಂ, ಅದಕ್ಕೆ ಬೇಕಾದ ನಲವತ್ಮೂರು ಮಾಡ್ಯೂಲ್‌ಗಳು ಎಂದರೆ ಸಿದ್ಧ ಬಿಡಿಭಾಗಗಳು, ಎಲ್ಲ ಒಂದೇ ಫೋಲ್ಡರಿನಲ್ಲಿ. ಎಲ್ಲಿಗೆ ಬೇಕಾದರೂ ಒಯ್ಯಬಹುದೆಂದು ಅವಳಿಗೆ ಹೆಮ್ಮೆ. ಬಿಚ್ಚಿ ಓಡಿಸಿದಳು. ಪರದೆಯ ಮೇಲೆ ಒಂದು ಸಾಲಿನ ದೋಷ ಬಂತು. ಒಂದು ಮಾಡ್ಯೂಲ್ ಈ ಯಂತ್ರಕ್ಕೆ ಹೊಂದುವುದಿಲ್ಲವಂತೆ.

ಪೂರ್ತಿ ಪರ್ಲ್‌ನಲ್ಲಿ ಬರೆದ ಮಾಡ್ಯೂಲನ್ನು ಪರ್ಲ್ ಇರುವ ಯಾವ ಯಂತ್ರವಾದರೂ ಓದುತ್ತದೆ. ಆದರೆ ಕೆಲವುಗಳೊಳಗೆ ವೇಗಕ್ಕೆಂದು ಸಿ ಭಾಷೆಯ ತುಂಡು ಇರುತ್ತದೆ; ಅದನ್ನು ಆಯಾ ಯಂತ್ರಕ್ಕೆಂದೇ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಇಳಿಸಿ, ಇಡಬೇಕು. ಈ ಯಂತ್ರದ ಪ್ರೊಸೆಸರೇ ಬೇರೆ ಜಾತಿಯದು. ಅದರಲ್ಲಿ ಕಂಪೈಲರ್ ಇರಲಿಲ್ಲ. ಭದ್ರತೆಗೆಂದು ಇಂಟರ್ನೆಟ್ ಸಂಪರ್ಕವನ್ನೂ ಕಡಿದಿದ್ದರು.

"ಹಾಗಾದ್ರೆ ಆಗಲ್ವಾ?" ಮೈದುನನ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಪಕ್ಕದ ಮೇಜಿನ ಫೋನು ಬಡಿದುಕೊಂಡಿತು. ಅಲ್ಲಿ ಕೂರುವ ಫಾರ್ಮಸಿಸ್ಟ್ ಎತ್ತಿದ. ಯಾವುದೋ ಆಸ್ಪತ್ರೆಯ ಡಾಕ್ಟರು: ಮೂರು ವರ್ಷದ ಹುಡುಗಿ ನೆಲ ಒರೆಸುವ ದ್ರವ ಕುಡಿದಿದ್ದಾಳೆ, ಬಾಟಲಿಯ ಮೇಲೆ ಹೆಸರು ಬಿಟ್ಟರೆ ಏನೂ ಇಲ್ಲ, ಒಳಗೇನಿದೆ ಹೇಳಿ. ಫಾರ್ಮಸಿಸ್ಟ್ ಅಚ್ಚಿನ ಪುಸ್ತಕ ತಿರುವಿದ. ಐದು ವರ್ಷ ಹಳೆಯದು. ಆ ಹೆಸರೇ ಇರಲಿಲ್ಲ.

"ವಾಂತಿ ಮಾತ್ರ ಮಾಡಿಸ್ಬೇಡಿ ಡಾಕ್ಟ್ರೇ. ಲೈನಲ್ಲೇ ಇರಿ," ಎಂದು ಫೋನು ಮುಚ್ಚಿಹಿಡಿದು ಇತ್ತ ತಿರುಗಿದ. "ಅಕ್ಕಾ, ಎಷ್ಟೊತ್ತು?"

"ಗೊತ್ತಿಲ್ಲಪ್ಪ. ಮಾತಾಡಿಸ್ಬೇಡ."

ಫೋಲ್ಡರನ್ನೆಲ್ಲ ಜಾಲಾಡಿ ಕಂಪೈಲ್ ಆದ ತುಂಡುಗಳನ್ನು ಹುಡುಕಿದಳು. ಐದು ಸಿಕ್ಕವು. ಮೂರಕ್ಕೆ ಅದೇ ಕೆಲಸ ಮಾಡುವ ಶುದ್ಧ ಪರ್ಲ್ ಜೋಡಿ ಇತ್ತು, ಪ್ರೋಗ್ರಾಂನಲ್ಲಿ ಇವುಗಳ ಬದಲು ಅವುಗಳ ಹೆಸರು ಹಾಕಿದಳು. ನಾಲ್ಕನೆಯದನ್ನು ಸೆಟ್ಟಿಂಗ್‌ನ ಒಂದು ಸಾಲು ಸುಮ್ಮನಾಗಿಸಿತು. ಐದನೆಯದು ಡೇಟಾಬೇಸ್ ಓದುವ ಮಾಡ್ಯೂಲ್. ಅದಕ್ಕೆ ಬದಲಿ ಇರಲಿಲ್ಲ.

"ಇದನ್ನ ಸೇರಿಸಿದ್ದು ನಾನೇ ಕಣೋ," ಎಂದಳು ಮೈದುನನಿಗೆ. "ಪುಟ ಬೇಗ ಬರ್ಲಿ ಅಂತ. ಅದಕ್ಕಿಂತ ಮುಂಚೆ..."

ಮಾತು ಅಲ್ಲೇ ನಿಂತಿತು. ಅದಕ್ಕಿಂತ ಮುಂಚೆ ಪಟ್ಟಿಯೆಲ್ಲ ಬರೀ ಟೆಕ್ಸ್ಟ್ ಫೈಲಿನಲ್ಲಿತ್ತು, ಒಂದು ವಸ್ತುವಿಗೆ ಒಂದು ಸಾಲು. ಹೊಸ ಹೆಸರುಗಳನ್ನು ಇಂದಿಗೂ ಮೊದಲು ಅದರಲ್ಲೇ ಸೇರಿಸಿ ಆಮೇಲೆ ಡೇಟಾಬೇಸಿಗೆ ತುಂಬುತ್ತಿದ್ದಳು. ಆ ಫೈಲೂ ಪೆನ್‌ಡ್ರೈವಿನಲ್ಲಿತ್ತು.

ಡೇಟಾಬೇಸಿನ ಮಾತೆತ್ತುವ ಸಾಲುಗಳನ್ನೆಲ್ಲ ಕಿತ್ತುಹಾಕಿದಳು. ಫೈಲನ್ನು ಸಾಲುಸಾಲಾಗಿ ಓದಿ ಹೆಸರು ಹುಡುಕುವ ಇಪ್ಪತ್ತು ಸಾಲು ಬರೆದಳು. ಒಂದು ಅರ್ಧವಿರಾಮ ಬಿಟ್ಟುಹೋಗಿ ಮತ್ತೆ ದೋಷ ಬಂತು. ಫಾರ್ಮಸಿಸ್ಟ್ ಎದ್ದು ನಿಂತಿದ್ದ. ಡಾಕ್ಟರು ಎರಡನೇ ಸಲ ಕೇಳುತ್ತಿದ್ದುದು ಇವಳಿಗೂ ಕೇಳಿಸಿತು. ತಿದ್ದಿದಳು. ಹೆಸರು ಹೊಡೆದಳು. ಖಾಲಿ ಪುಟ. ನಾಲ್ಕು ಸೆಕೆಂಡು ಹಾಗೇ ಇತ್ತು.

ಸಾಲು ಬಂತು.

"ಕ್ಷಾರ, ಡಾಕ್ಟ್ರೇ! ತೀಕ್ಷ್ಣವಾದ ಕ್ಷಾರ," ಫಾರ್ಮಸಿಸ್ಟ್ ಫೋನಿಗೆ ಕೂಗಿದ. "ಅನ್ನನಾಳ ಸುಟ್ಟಿರಬಹುದು. ಬಾಯಿ ಚೆನ್ನಾಗಿ ಕಂಡ್ರೂ ಮನೆಗೆ ಕಳಿಸ್ಬೇಡಿ."

ಡಾಕ್ಟರು ಕಳಿಸುವವರೇ ಇದ್ದರಂತೆ. ಹುಡುಗಿ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು, ದ್ರವಾಹಾರದ ಮೇಲೆಯೇ ಬದುಕಿ, ಗುಣವಾಗಿ ಮನೆಗೆ ಹೋದಳು.

ಆ ದಿನವೇ ಮಧ್ಯಾಹ್ನ ಪರ್ಲ್ ಅಕ್ಕ ನಿರ್ದೇಶಕರ ಕೋಣೆಗೆ ಹೋಗಿ, ಮುಕ್ಕಾಲು ಗಂಟೆ ತಡವಾದದ್ದು ವೇಗಕ್ಕೆಂದು ತಾನು ಸೇರಿಸಿದ ಮಾಡ್ಯೂಲಿನಿಂದ, ತಪ್ಪು ತನ್ನದು ಎಂದಳು. ಅವರು ಹೊಗಳಲು ಹೊರಟಿದ್ದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಅಷ್ಟೆಲ್ಲ ಯಾಕೆ ಒಪ್ಕೊಂಡ್ರಿ ಅತ್ತಿಗೆ? ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದ ಮೈದುನ ಮೆಟ್ಟಿಲಿಳಿಯುವಾಗ.

"ನಂಗೆ ಗೊತ್ತಿತ್ತಲ್ಲ," ಎಂದವಳು ಕಂಬಿ ಹಿಡಿದು ಕೆಳಗಿಳಿದಳು.