ಗಟಾರದೊಳಗಿನ ಪೈಪು

ಬೆಂಗೇರಿಯ ನಮ್ಮ ಹಳೆಯ ಮನೆಗೆ ನಳ ರಿಪೇರಿಗೆ ಬರುತ್ತಿದ್ದ ಪ್ಲಂಬರ್, ಯಾರನ್ನೇ ಬೈಯುವ ಮೊದಲು "ನೀವು ಶ್ಯಾಣ್ಯಾರದೀರಿ ಬಿಡ್ರಿ" ಎಂದು ಅವರ ಜಾಣತನವನ್ನು ಹೊಗಳುತ್ತಿದ್ದ. ಕೆಲಸಕ್ಕೆ ಹೋದ ಯಾವ ಮನೆಯಲ್ಲೂ ನೀರು ಕುಡಿಯುತ್ತಿರಲಿಲ್ಲ. ಚಹಾ ಮಾತ್ರ ಕೇಳಿ ಕುಡಿಯುತ್ತಿದ್ದ, ಅದೂ ಚೆನ್ನಾಗಿ ಕುದಿಸಿದ್ದು.

ಒಂದು ವರ್ಷ ನನ್ನ ಹೆಂಡತಿಗೆ ಕಾಮಾಲೆಯಾಯಿತು. ನಿವೃತ್ತ ಮಾಸ್ತರರಾದ ಅಪ್ಪ ಪಾನಿಪೂರಿ ಗಾಡಿಯವನನ್ನು ಶಪಿಸಿದರು. ನಳದ ನೀರು ನಾರುತ್ತಿದೆಯೆಂದು ನಾನು ಪ್ಲಂಬರನನ್ನು ಕರೆಸಿದೆ. ಅವನು ಹಿತ್ತಿಲ ಗಟಾರದ ಕಲ್ಲು ಎತ್ತಿದ. ತುಕ್ಕು ಹಿಡಿದ ನಮ್ಮ ಪೈಪು ಕೊಳಚೆಯಲ್ಲೇ ಮುಳುಗಿತ್ತು. ಅದರ ತೂತಿಗೆ ಸೈಕಲ್ ಟ್ಯೂಬು, ಅದರ ಮೇಲೊಂದು ಹಳೆಯ ಲಂಗೋಟಿ ಸುತ್ತಿತ್ತು.

"ಯಾವ ಶ್ಯಾಣ್ಯಾ ಕಟ್ಯಾನ್ರಿ ಇದನ್ನ?"

"ನಾನ. ಹತ್ತು ವರ್ಷ ಒಂದು ಹನಿ ಸೋರಿಲ್ಲ" ಎಂದರು ಅಪ್ಪ.

"ಹೊರಗ ಸೋರಿಲ್ರಿ ಮಾಸ್ತರ. ನಳ ಬರದ ದಿನ ಗಟಾರದ್ದು ಒಳಗ ಸೋರೇತಿ."

ಅಪ್ಪ ಹಟಕ್ಕೆ ಬಿದ್ದು ನಳದಿಂದ ಒಂದು ಲೋಟ ನೀರು ಹಿಡಿದು ಬಾಯಿಗೆತ್ತಿದರು. ಪ್ಲಂಬರ್ ಕೆಸರುಗೈಯಲ್ಲೇ ಅದನ್ನು ಕಸಿದು ಚೆಲ್ಲಿದ.

"ಮನ್ಯಾಗ ಒಬ್ಬರು ಮಲಗಿದ್ದು ಸಾಕ್ರಿ!"

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಪಕ್ಕದ ಮನೆಯಿಂದ ನೀರು ತಂದು, ಜನ್ಮದಲ್ಲಿ ಮೊದಲ ಸಲ ಒಲೆ ಹಚ್ಚಿ, ಕುದಿಸಿ ಆರಿಸಿ ಸೊಸೆಯ ಮಂಚದ ಬಳಿ ಇಟ್ಟರು.

"ತಪ್ಪಾತವ್ವಾ" ಎಂದರು.

ಕಿಟಕಿಯಾಚೆ ಹೊಸ ಪೈಪು ಕೊಯ್ಯುತ್ತಿದ್ದ ಪ್ಲಂಬರ್ ಅದನ್ನು ಕೇಳಿ ಗರಗಸ ನಿಲ್ಲಿಸಿದ. ಅಪ್ಪ ಕೋಣೆಯಿಂದ ಹೊರಗೆ ಬರುವವರೆಗೂ ಮತ್ತೆ ಶುರು ಮಾಡಲಿಲ್ಲ.