ಐಸ್ ಹಾಕಿ ಹುಡುಗನಿಗೆ ಅಜ್ಜಿ ತೆಗೆದ ದೃಷ್ಟಿ

ಇವತ್ತು ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುವಾಗ ಸ್ಮೋಕ್ ಅಲಾರ್ಮ್ ಕಿರುಚಿತು. ತಕ್ಷಣ ಅಮೆರಿಕದ ಫ್ರೀಮಾಂಟಿನಲ್ಲಿದ್ದ ನಮ್ಮ ಹಳೆಯ ಅಪಾರ್ಟ್‌ಮೆಂಟು, ಮೈಸೂರಿನಿಂದ ಬಂದಿದ್ದ ಅಜ್ಜಿ ನೆನಪಾದರು.

ಅವತ್ತು ಟಿವಿಯಲ್ಲಿ ಐಸ್ ಹಾಕಿ ಮ್ಯಾಚು ಬರುತ್ತಿತ್ತು. ಅಪ್ಪನ ಮೆಚ್ಚಿನ ಹೊಸ ಹುಡುಗನಿಗೆ, ಮೊದಲ ಸೀಸನ್ನಿನ ಆಟಗಾರರ ಗೋಲಿನ ದಾಖಲೆ ಮುರಿಯಲು ಇನ್ನೊಂದೇ ಗೋಲು ಬೇಕಿತ್ತು. “ಅಷ್ಟು ಜನ ನೋಡ್ತಿದಾರೆ, ಮಗೂಗೆ ದೃಷ್ಟಿಯಾಗತ್ತೆ” ಎಂದು ಅಜ್ಜಿ ಉಪ್ಪು, ಮೆಣಸಿನಕಾಯಿಯನ್ನು ಟಿವಿಗೆ ನಿವಾಳಿಸಿ ಒಲೆಯ ಮೇಲೆ ಸುಟ್ಟರು. ಅಲಾರ್ಮ್ ಹೊಡೆದುಕೊಂಡಿತು. ಕೆಮ್ಮುತ್ತ ಎಲ್ಲರೂ ಹೊರಗೆ ಓಡಿದೆವು. ವಾಪಸ್ಸು ಬರುವಷ್ಟರಲ್ಲಿ ಅವನು ಆ ಗೋಲು ಹೊಡೆದಾಗಿತ್ತು.

“ಇಡೀ ಸೀಸನ್ ನೋಡಿ, ಇದೊಂದೇ ಮಿಸ್ಸಾಯ್ತಲ್ಲಮ್ಮ!” ಅಪ್ಪ ಸಿಡುಕಿದರು.

ಅಜ್ಜಿ ಬಗ್ಗಲಿಲ್ಲ. “ನಮ್ಮ ಕಣ್ಣೂ ಬೀಳಲಿಲ್ಲ ನೋಡು, ಅದಕ್ಕೇ ಹೊಡ್ದ.”

ಇವತ್ತು ಸಂಜೆ ನನ್ನ ಮಗಳ ಮೊದಲ ಹಾಕಿ ಮ್ಯಾಚು ಇತ್ತು. ಅವಳು ಗೋಲಿನತ್ತ ನುಗ್ಗಿದಾಗ ನಾನು ತಲೆ ತಗ್ಗಿಸಿ ನನ್ನ ಶೂ ನೋಡುತ್ತ ಕೂತೆ.